ಪರದೆ ತಿರುಗಿದರೂ ಬರೆದದ್ದು ಉಳಿಯಲಿ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಮಗುವೊಂದು ಮೊಬೈಲಿನ ಅಭ್ಯಾಸ ಆಪ್‌ನಲ್ಲಿ ಎಂಟು ಪ್ರಶ್ನೆಗಳಿಗೆ ಉತ್ತರಿಸಿ ಒಂಬತ್ತನೆಯದಕ್ಕೆ ಬಂದಿದೆ ಎಂದು ಭಾವಿಸೋಣ. ಚಿತ್ರ ದೊಡ್ಡದಾಗಿ ಕಾಣಲೆಂದು ಅದು ಫೋನನ್ನು ಅಡ್ಡಲಾಗಿ ಹಿಡಿಯುತ್ತದೆ. ಮರುಕ್ಷಣವೇ ಪರದೆಯ ಮೇಲೆ ಮೊದಲನೆಯ ಪ್ರಶ್ನೆ! ತಾನೇ ಏನೋ ಕೆಡಿಸಿದೆನೆಂದು ಮಗು ಬೆದರುತ್ತದೆ. ಶಿಕ್ಷಕರೂ ಹಾಗೆಯೇ ತಿಳಿದರೆ, ಆ ಮಗು ಫೋನಿನಲ್ಲಿ ಕನ್ನಡ ಬರೆಯಲು ಮತ್ತೆ ಹಿಂಜರಿಯುವುದು. ಆದರೆ ತಪ್ಪು ಮಗುವಿನದಲ್ಲ, ಆಪ್‌ನ ರಚನೆಯದು.

ಇದರ ಕಾರಣ ಸರಳವಾದುದು. ಫೋನು ತಿರುಗಿದಾಗ ಆಂಡ್ರಾಯ್ಡ್ ವ್ಯವಸ್ಥೆಯು ಸಾಮಾನ್ಯವಾಗಿ ಹಳೆಯ ಪರದೆಯನ್ನು ಪೂರ್ಣವಾಗಿ ಕಳಚಿ ಹೊಸದನ್ನು ಕಟ್ಟುತ್ತದೆ. ಉದ್ದ ಪರದೆಗೆ ಒಂದು ವಿನ್ಯಾಸ, ಅಡ್ಡ ಪರದೆಗೆ ಇನ್ನೊಂದು ವಿನ್ಯಾಸ ಇರಬಹುದಾದ್ದರಿಂದ ಈ ಏರ್ಪಾಡು. ಫೋನಿನ ಭಾಷೆಯನ್ನು ತಮಿಳಿನಿಂದ ಕನ್ನಡಕ್ಕೆ ಬದಲಿಸಿದಾಗಲೂ ನಡೆಯುವುದು ಇದೇ. ಕೀಲಿಮಣೆಯ ಭಾಷೆಯನ್ನಷ್ಟೇ ಬದಲಿಸಿದರೆ ಹೀಗಾಗದು. ಬರಹದ ಚೌಕದಲ್ಲಿ ಬೆರಳಚ್ಚಿಸಿದ ಸಾಲುಗಳನ್ನು ವ್ಯವಸ್ಥೆಯೇ ಬಹುಮಟ್ಟಿಗೆ ಕಾಪಾಡುತ್ತದೆ. ಆದರೆ ಎಷ್ಟನೆಯ ಪ್ರಶ್ನೆ, ಎಷ್ಟು ಅಂಕ ಎಂಬ ವಿವರಗಳನ್ನು ಪರದೆಯೊಳಗೇ ಇರಿಸಿದ್ದರೆ, ಅವು ಪರದೆಯೊಡನೆಯೇ ಅಳಿಯುತ್ತವೆ.

ಸಿರುಮುಗೈಯ ನೇಕಾರರ ಮನೆಗಳನ್ನು ಬಲ್ಲವರಿಗೆ ಇದರ ಪರಿಹಾರ ಹೊಸದೆನಿಸದು. ಜಕಾರ್ಡ್ ಮಗ್ಗದಲ್ಲಿ ಸೀರೆಯ ಚಿತ್ತಾರವು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಲ್ಲಿ ಇರುತ್ತದೆ. ನೆಯ್ದ ಬಟ್ಟೆಯನ್ನು ಕತ್ತರಿಸಿ ತೆಗೆದು ಹೊಸ ಹಾಸು ಹೂಡಿದರೂ ಪಟ್ಟಿಗಳು ಹಾಗೆಯೇ ಇರುವುದರಿಂದ ಚಿತ್ತಾರ ಕೆಡುವುದಿಲ್ಲ. ಹಾಗೆಯೇ ಮಗುವಿನ ಪ್ರಗತಿಯನ್ನೂ ಪರದೆಯ ಹೊರಗೆ ಕಾಯ್ದಿರಿಸಬೇಕು.

ಹೀಗೆ ಕಾಯ್ದಿರಿಸುವ ನೆಲೆಗಳು ಮೂರು. ಮೊದಲನೆಯದು, ಗೂಗಲ್ 2017ರಲ್ಲಿ ಪರಿಚಯಿಸಿದ 'ವ್ಯೂಮಾಡೆಲ್'. ಇದು ಪರದೆ ತಿರುಗಿದರೂ ಉಳಿಯುತ್ತದೆ. ಆದರೆ ನೆನಪಿನ ಜಾಗ ಸಾಲದೆ ವ್ಯವಸ್ಥೆಯು ಹಿನ್ನೆಲೆಯಲ್ಲಿರುವ ಆಪ್ ಅನ್ನೇ ನಿಲ್ಲಿಸಿದರೆ ಉಳಿಯದು. ಎರಡನೆಯದು, ವ್ಯವಸ್ಥೆಯ ಕೈಗೆ ಒಪ್ಪಿಸುವ 'ಬಂಡಲ್' ಎಂಬ ಪುಟ್ಟ ಗಂಟು. ಪ್ರಶ್ನೆಯ ಸಂಖ್ಯೆಯಂತಹ ಕಿರು ವಿವರಗಳಿಗೆ ಇದು ತಕ್ಕುದು. ಚಿತ್ರಗಳ ಭಾರವನ್ನು ಇದು ಹೊರಲಾರದು. ಮೂರನೆಯದು, ಫೋನಿನ ಶಾಶ್ವತ ಸಂಗ್ರಹ. ಮಗು ಬರೆದ ಉತ್ತರ, ಶಿಕ್ಷಕರು ಗುರುತಿಸಿದ ಹಾಜರಿ ಮೊದಲಾದವು ಇಲ್ಲಿಯೇ ಸೇರಬೇಕು.

ಪರದೆ ತಿರುಗದಂತೆ ಬಂಧಿಸಿಬಿಡುವುದು ಕೆಲವು ಆಪ್‌ಗಳು ಹಿಡಿಯುವ ಅಡ್ಡದಾರಿ. ಇದರಿಂದ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಭಾಷೆ ಬದಲಾದಾಗ, ಆಪ್ ಹಿನ್ನೆಲೆಯಲ್ಲಿ ನಿಂತುಹೋದಾಗ ಅದು ಮತ್ತೆ ತಲೆಯೆತ್ತುತ್ತದೆ.

ಆದುದರಿಂದ ಯಾವುದೇ ಆಪ್ ಅನ್ನು ಮಕ್ಕಳ ಕೈಗೆ ಕೊಡುವ ಮೊದಲು ಶಿಕ್ಷಕರು ಮೂರು ಪರೀಕ್ಷೆಗಳನ್ನು ನಡೆಸುವುದು ಉಚಿತ. ಅರ್ಧ ಉತ್ತರ ಬರೆದು ಫೋನನ್ನು ತಿರುಗಿಸಿ ನೋಡಬೇಕು. ಬಳಿಕ ಕ್ಯಾಮೆರಾ ತೆರೆದು ಒಂದು ಚಿತ್ರ ತೆಗೆದು ಆಪ್‌ಗೆ ಮರಳಬೇಕು. ಕೊನೆಗೆ ಆಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ಬರೆದದ್ದು ಯಾವ ಹಂತದಲ್ಲಿ ಮಾಯವಾಯಿತೆಂಬುದನ್ನು ಗುರುತು ಮಾಡಿಕೊಂಡು ಆಪ್ ರಚಿಸಿದವರಿಗೆ ತಿಳಿಸಬೇಕು. "ಆಪ್ ಸರಿಯಿಲ್ಲ" ಎಂಬ ದೂರಿಗಿಂತ "ಒಂಬತ್ತನೆಯ ಪ್ರಶ್ನೆಯಲ್ಲಿ ಫೋನು ತಿರುಗಿಸಿದಾಗ ಮೊದಲನೆಯದಕ್ಕೆ ಹೋಯಿತು" ಎಂಬ ಒಂದು ವಾಕ್ಯ ಅವರಿಗೆ ಹೆಚ್ಚು ನೆರವಾಗುತ್ತದೆ. ದೋಷ ತಿದ್ದುವವರೆಗೆ ತರಗತಿಯಲ್ಲಿ ಫೋನಿನ ಸ್ವಯಂ ತಿರುಗುವಿಕೆಯನ್ನು ನಿಲ್ಲಿಸಿಡಬಹುದು.

ನಮ್ಮ ಮಕ್ಕಳು ಸುತ್ತಲೂ ತಮಿಳು ಕೇಳುತ್ತ, ಫೋನಿನಲ್ಲಿ ಇಂಗ್ಲಿಷ್ ಕಾಣುತ್ತ, ಒತ್ತಕ್ಷರವನ್ನು ಹುಡುಕಿ ಹುಡುಕಿ ಕನ್ನಡದಲ್ಲಿ ಒಂದು ವಾಕ್ಯ ಕಟ್ಟುತ್ತಾರೆ. ಆ ವಾಕ್ಯ ಅಳಿದುಹೋದರೆ, ಎರಡನೆಯ ಸಲ ಅದನ್ನು ಬರೆಯುವ ಉತ್ಸಾಹ ಎಲ್ಲ ಮಕ್ಕಳಲ್ಲಿಯೂ ಉಳಿದಿರುವುದಿಲ್ಲ.