ಟೊಳ್ಳು ಮರದ ಬಾಳು

ಗೆದ್ದಲು ಎಂದೊಡನೆ ನಮಗೆ ನೆನಪಾಗುವುದು ಹೊಲದ ಬದುವಿನ ಹುತ್ತ, ಇಲ್ಲವೇ ಬಾಗಿಲ ಚೌಕಟ್ಟಿನ ಮೇಲೆ ಹರಿದ ಮಣ್ಣಿನ ಗೆರೆ. ಆದರೆ ಬದುಕಿರುವ ಮರದ ಒಡಲನ್ನೇ ಮನೆ ಮಾಡಿಕೊಳ್ಳುವ ಗೆದ್ದಲುಗಳೂ ಉಂಟು. ಅವುಗಳ ಕೆಲಸವನ್ನು ಚೆನ್ನಾಗಿ ಕಾಣಬೇಕಾದರೆ ಉತ್ತರ ಆಸ್ಟ್ರೇಲಿಯದ ನೀಲಗಿರಿ ಮರಗಳ ಕಾಡನ್ನು ನೋಡಬೇಕು.

ಅಲ್ಲಿ ಕಾಪ್ಟೊಟರ್ಮಿಸ್ ಎಂಬ ಕುಲದ ಗೆದ್ದಲು ಮರದ ನಡುವಿನ ಚೇಗನ್ನು ಹೊಕ್ಕು ತಿನ್ನುತ್ತ ಮೇಲೇರುತ್ತದೆ. ಹೊರಗಿನಿಂದ ನೋಡಿದವರಿಗೆ ಮರ ನೆಟ್ಟಗಿದೆ. ಒಳಗೆ ಅದೊಂದು ಕೊಳವೆ. ಹಾಗಿದ್ದೂ ಅದು ಸಾಯುವುದಿಲ್ಲ. ಏಕೆಂದರೆ ಚೇಗು ಜೀವವಿಲ್ಲದ ಭಾಗ. ಮರಕ್ಕೆ ಬಲ ನೀಡುವುದು ಅದರ ಕೆಲಸ. ಬೇರಿನ ನೀರು ಏರುವುದು ಅದರ ಸುತ್ತಲಿನ ಎಳೆಯ ಪದರದಲ್ಲಿ. ಎಲೆ ಸಿದ್ಧಪಡಿಸಿದ ಆಹಾರ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಇವೆರಡೂ ಉಳಿದಿರುವ ತನಕ ಟೊಳ್ಳು ಮರವೂ ಚಿಗುರುತ್ತದೆ, ಹೂ ಬಿಡುತ್ತದೆ. ಎಲ್ಲ ಗೆದ್ದಲುಗಳಿಗೂ ಈ ಸೌಜನ್ಯವಿಲ್ಲ. ಅದೇ ಸೀಮೆಯ ಮಾಸ್ಟೊಟರ್ಮಿಸ್ ತೊಗಟೆಯನ್ನು ಸುತ್ತಲೂ ಕೊರೆದು, ಬಲಿತ ಮಾವಿನ ಮರವನ್ನೂ ಕೊಲ್ಲಬಲ್ಲದು.

ಮರ ಕೊಯ್ಯುವವನ ಲೆಕ್ಕದಲ್ಲಿ ಟೊಳ್ಳು ದಿಮ್ಮಿ ಬರಿಯ ನಷ್ಟ. ಹಲಗೆಗೆ ಒದಗದು, ತೊಲೆಗೆ ಒದಗದು. ಬಿರುಗಾಳಿಗೆ ಮುರಿದುಬೀಳುವ ಭಯ ಬೇರೆ. ಕಾಡಿನ ಲೆಕ್ಕ ಹಾಗಲ್ಲ. ಬಣ್ಣಬಣ್ಣದ ಗೌಲ್ಡಿಯನ್ ಫಿಂಚ್ ಹಕ್ಕಿ ಮೊಟ್ಟೆಯಿಡುವುದು ಇಂಥ ಪೊಟರೆಯಲ್ಲಿ. ಆರ್ನ್‌ಹೆಮ್ ಲ್ಯಾಂಡಿನ ಯೊಲ್ಙು ಜನ ಗೆದ್ದಲು ಕೊರೆದ ಕಾಂಡವನ್ನು ತಟ್ಟಿ, ಅದರ ದನಿಯನ್ನು ಪರೀಕ್ಷಿಸಿ, ಕಡಿದು ತಂದು 'ಯಿದಾಕಿ' ಎಂಬ ಊದುವ ವಾದ್ಯವನ್ನು ಮಾಡುತ್ತಾರೆ. ಹುತ್ತ ಗೆದ್ದಲಿನದು, ವಾಸ ಹಾವಿನದು ಎನ್ನುವ ನಮ್ಮ ಜನಕ್ಕೆ ಈ ನ್ಯಾಯ ಹೊಸದೇನಲ್ಲ.

ಅದೇ ನೀಲಗಿರಿಯನ್ನು ನಾವು ಕರ್ನಾಟಕದ ಬಯಲಿಗೆ ತಂದು ನೆಟ್ಟೆವು. ಇಲ್ಲಿಯ ನೆಲದ ಗೆದ್ದಲು ಅದರ ಎಳೆಯ ಸಸಿಗಳ ಬೇರನ್ನೇ ತಿಂದಿತು. ಅದನ್ನು ತಡೆಯಲು ಆಲ್ಡ್ರಿನ್‌ನಂಥ ವಿಷಗಳನ್ನು ಮಣ್ಣಿಗೆ ಬೆರೆಸುವ ರೂಢಿ ಬಂತು. ವರ್ಷಗಟ್ಟಲೆ ಕರಗದೆ ಜೀವಿಗಳ ಕೊಬ್ಬಿನಲ್ಲಿ ಸೇರುವ ಆ ವಿಷವನ್ನು 2001ರ ಸ್ಟಾಕ್‌ಹೋಮ್ ಒಪ್ಪಂದವು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಗೆದ್ದಲು ಮಾತ್ರ ಉಳಿದೇ ಇದೆ.

ಮನೆಯ ತೊಲೆಯನ್ನು ಕಾಪಾಡಿಕೊಳ್ಳುವುದು ಗೃಹಸ್ಥನ ಧರ್ಮ; ಅದರಲ್ಲಿ ತಪ್ಪಿಲ್ಲ. ಬೀದಿಯ ಮರ ಪೊಳ್ಳಾಗಿ ವಾಲಿದರೆ, ತಿಳಿದವರಿಂದ ಪರೀಕ್ಷೆ ಮಾಡಿಸುವುದೂ ಅಗತ್ಯ. ಆದರೆ ಸಾಲುಮರದ ತೊಗಟೆಯ ಮೇಲೆ ಮಣ್ಣಿನ ಹೊದಿಕೆ ಕಂಡಾಕ್ಷಣ ಕೊಡಲಿಯನ್ನು ನೆನೆಯಬೇಕಾಗಿಲ್ಲ. ನಮ್ಮಲ್ಲಿ ಬಹುಮಟ್ಟಿಗೆ ಆ ಹೊದಿಕೆಯಡಿಯ ಗೆದ್ದಲು ತಿನ್ನುತ್ತಿರುವುದು ಒಣಗಿದ ಹೊರತೊಗಟೆಯನ್ನು. ಸತ್ತದ್ದನ್ನು ಮಣ್ಣಿಗೆ ಮರಳಿಸುವುದು ಅದರ ಕಸುಬು. ಆ ಕಸುಬು ನಿಂತರೆ ಕಾಡು ತನ್ನ ಕಸದಲ್ಲಿ ತಾನೇ ಹೂತುಹೋದೀತು. ಮರವೆಂದರೆ ಬರಿಯ ದಿಮ್ಮಿಯೋ, ಹಲವು ಜೀವಗಳ ಬಿಡಾರವೋ ಎಂಬುದನ್ನು ಕಡಿಯುವ ಮೊದಲೇ ನಿರ್ಧರಿಸಬೇಕು; ಕಡಿದ ಮೇಲೆ ಆ ಪ್ರಶ್ನೆಯೇ ಉಳಿಯುವುದಿಲ್ಲ.