ಮಿರುಗುವ ಗೋಡೆ: ಕಾಶಾನ್ ಮತ್ತು ಬೀದರ್

ವೈಟ್‌ಫೀಲ್ಡ್, ಪೀಣ್ಯದ ಕಡೆ ಮನೆ ಕಟ್ಟಿಸುತ್ತಿರುವವರು ಟೈಲ್ಸ್ ಅಂಗಡಿಯಲ್ಲಿ ಲೋಹದಂತೆ ಮಿರುಗುವ ಬಿಲ್ಲೆಗಳನ್ನು ನೋಡಿರುತ್ತೀರಿ. ಚಿನ್ನವನ್ನೇ ಮುಟ್ಟಿಸದೆ ಬಿಲ್ಲೆಗೆ ಚಿನ್ನದ ಮೆರುಗು ಕೊಡುವ ವಿದ್ಯೆ ಎಂಟುನೂರು ವರ್ಷಗಳ ಹಿಂದೆ ಇರಾನಿನ ಕಾಶಾನ್ ಪಟ್ಟಣದ ಕುಂಬಾರರಿಗೆ ಕರಗತವಾಗಿತ್ತು.

ಬೆಣಚುಕಲ್ಲಿನ ಪುಡಿ ಹತ್ತು ಪಾಲು, ಗಾಜಿನ ಪುಡಿ ಒಂದು ಪಾಲು, ಬಿಳಿ ಜೇಡಿ ಒಂದು ಪಾಲು: ಬಿಲ್ಲೆಯ ಈ ಪಾಕವನ್ನು ಅಲ್ಲಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ. ಗಾಜಿನ ಲೇಪ ಕೊಟ್ಟು ಒಮ್ಮೆ ಸುಟ್ಟ ಬಿಲ್ಲೆಯ ಮೇಲೆ ಬೆಳ್ಳಿ, ತಾಮ್ರ ಬೆರೆತ ಬಣ್ಣದಿಂದ ಚಿತ್ರ ಬರೆದು ಮತ್ತೆ ಆವಿಗೆಗೆ ಇಡುತ್ತಿದ್ದರು. ಕುಶಲತೆಯೆಲ್ಲ ಈ ಎರಡನೆಯ ಸುಡುವಿಕೆಯಲ್ಲಿದೆ. ಉರಿ ಹದವಾಗಿರಬೇಕು, ಗಾಳಿ ಕಡಿಮೆಯಾಗಿ ಒಳಗೆಲ್ಲ ಹೊಗೆ ತುಂಬಬೇಕು. ಆಗ ಆಮ್ಲಜನಕ ಕಳೆದುಕೊಂಡ ಬೆಳ್ಳಿ, ತಾಮ್ರ ಕಣ್ಣಿಗೆ ಕಾಣದ ಕಣಗಳಾಗಿ ಗಾಜಿನ ಮೇಲ್ಪದರದಲ್ಲೇ ನೆಲೆಸುತ್ತವೆ. ಆರಿದ ಮೇಲೆ ಮಸಿ ಉಜ್ಜಿ ತೆಗೆದರೆ ಹೊನ್ನಿನ ಹೊಳಪು. ವರಾಮಿನ್ ಊರಿನ ಇಮಾಮ್‌ಜಾದೆ ಯಹ್ಯಾ ಸಮಾಧಿಗೆ 1262ರಲ್ಲಿ ಹೀಗೆ ಮಾಡಿದ ನಕ್ಷತ್ರದಾಕಾರದ ಬಿಲ್ಲೆಗಳು ಇಂದು ಲೋಕದ ಹಲವು ಸಂಗ್ರಹಾಲಯಗಳಲ್ಲಿ ಚದುರಿಹೋಗಿವೆ. ಅವು ತಮ್ಮ ಗೋಡೆಯಲ್ಲೇ ಉಳಿಯಬೇಕಿತ್ತು.

ಹದಿನಾಲ್ಕನೆಯ ಶತಮಾನದ ನಡುವಿಗೆ ಕಾಶಾನಿನ ಈ ಕಸುಬು ಕುಗ್ಗಿತು. ಬೀದರನ್ನು ಆಳಿದ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಆದ್ದರಿಂದ ನಮ್ಮ ಬೀದರಿನ ಬಿಲ್ಲೆಗಳಲ್ಲಿ ಲೋಹದ ಮೆರುಗನ್ನು ಹುಡುಕಬಾರದು. ಆದರೆ ಅವೂ ಇರಾನಿನ ಬಳಗದವೇ. ಅಲ್ಲಿನ ಗೀಲಾನಿನಿಂದ ಬಂದು ಬಹಮನಿ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಿ. ನೀಲಿ, ಹಳದಿ, ಹಸಿರು, ಬಿಳಿ ಬಿಲ್ಲೆಗಳು ಇಡೀ ಮುಂಭಾಗವನ್ನು ಮುಚ್ಚಿದ್ದವು. ಹದಿನೇಳನೆಯ ಶತಮಾನದ ಕೊನೆಗೆ ಮದ್ದಿನ ಸಿಡಿತಕ್ಕೆ ಸಿಕ್ಕಿ ಒಂದು ಮಿನಾರು, ಮುಂಭಾಗದ ಒಂದಿಷ್ಟು ಉರುಳಿದವು. ಉಳಿದ ಮಿನಾರಿನ ಮೇಲೆ ಆ ಬಣ್ಣಗಳು ಇನ್ನೂ ಇವೆ.

ಮಿರುಗೇ ಬೇಕೆನ್ನುವವರು ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿಗೆ ಹೋಗಬೇಕು. ಹದಿನಾರನೆಯ ಶತಮಾನದಲ್ಲಿ, ಬಹಮನಿಗಳ ನಂತರ ಬೀದರನ್ನು ಆಳಿದ ಅಲಿ ಬರೀದ್ ಷಾನ ಕಾಲದ ಕುಶಲಕರ್ಮಿಗಳು ಅಲ್ಲಿ ಕಡುಗಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಕಾಶಾನಿನಲ್ಲಿ ಬೆಂಕಿ ಮಾಡಿದ ಕೆಲಸವನ್ನು ಇಲ್ಲಿ ಚಿಪ್ಪಿನ ತೆಳು ಪದರಗಳು ಮಾಡುತ್ತವೆ. ಬೆಳಕು ಆ ಪದರಗಳಿಗೆ ತಾಗಿ ಹಿಂದಿರುಗುವಾಗ, ನಾವು ನಿಂತ ಜಾಗ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ಇದಕ್ಕಿಂತ ಚೆಲುವಾದ ಗೋಡೆಯಿಲ್ಲ. ಬಾಗಿಲಿಗೆ ಬೀಗವಿದ್ದರೆ ಹಾಗೇ ಹಿಂದಿರುಗಬೇಡಿ, ಕೋಟೆಯಲ್ಲಿರುವ ಪುರಾತತ್ವ ಇಲಾಖೆಯವರನ್ನು ಕೇಳಿ.