ಬಸವಳಿಕೆಯೂ ಮಣಿಕಟ್ಟಿನ ಸಾಕ್ಷ್ಯವೂ



ಔದ್ಯೋಗಿಕ ಆರೋಗ್ಯವನ್ನು ಕುರಿತ ಈ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ನನ್ನನ್ನು ಕುಳ್ಳಿರಿಸಿದ ನಿಮ್ಮ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ. ಕಾರ್ಖಾನೆಗಳ ಧೂಳು, ಸದ್ದು, ಸೀಸದ ವಿಷ ಇವುಗಳೊಡನೆ ವೃತ್ತಿಜೀವನದ ಮುಕ್ಕಾಲು ಪಾಲನ್ನು ಕಳೆದ ನನ್ನಂಥ ಹಳಬನಿಗೆ, ತಂಪಾದ ಕೋಣೆಯಲ್ಲಿ, ಗಾಜಿನ ಪರದೆಯ ಮುಂದೆ ಕುಳಿತು ದುಡಿಯುವವರ ಸಂಕಟವನ್ನು ಕುರಿತು ಮಾತನಾಡುವ ಅಧಿಕಾರವೆಷ್ಟು ಎಂಬ ಸಂಕೋಚ ಇಲ್ಲದಿಲ್ಲ. ಆದರೆ ಧೂಳನ್ನು ಅಳೆಯುವ ಕೆಲಸ ನನಗೆ ಒಂದು ಪಾಠವನ್ನು ಕಲಿಸಿತು. ಆ ಹಳೆಯ ಪಾಠ ಈ ಹೊಸ ವಿಷಯಕ್ಕೂ ಸಲ್ಲುವುದೆಂಬ ನಂಬಿಕೆಯಿಂದ ನಿಮ್ಮ ಮುಂದೆ ನಿಂತಿದ್ದೇನೆ.

ದಿನದ ದುಡಿಮೆಯ ಕೊನೆಗೆ ಬರುವುದು ದಣಿವು. ಒಂದು ಊಟ, ಒಂದು ನಿದ್ದೆ, ಮಗುವಿನೊಡನೆ ಅರ್ಧ ಗಂಟೆಯ ಆಟ ಇವುಗಳಿಂದ ಅದು ಇಳಿದುಹೋಗುತ್ತದೆ. ನಿದ್ದೆಯಿಂದ ಎದ್ದರೂ ಇಳಿಯದೆ, ರಜೆಯಿಂದ ಮರಳಿದರೂ ಬಿಡದೆ, ಮಾಡುವ ಕೆಲಸದಲ್ಲಿ ನಿರ್ವೇದವನ್ನೂ, ಎದುರು ನಿಂತ ಮನುಷ್ಯನಲ್ಲಿ ನಿರ್ಲಕ್ಷ್ಯವನ್ನೂ, ತನ್ನ ಸಾಮರ್ಥ್ಯದಲ್ಲಿಯೇ ಅಪನಂಬಿಕೆಯನ್ನೂ ಹುಟ್ಟಿಸತಕ್ಕ ಇನ್ನೊಂದು ಸ್ಥಿತಿಯುಂಟು. ಇಂಗ್ಲಿಷಿನವರು ಬರ್ನ್‌ಔಟ್ ಎನ್ನುವ ಈ ಸ್ಥಿತಿಗೆ ನಮ್ಮ ಹಳ್ಳಿಗಳ ಮಾತಿನಲ್ಲಿರುವ ‘ಬಸವಳಿಕೆ’ ಎಂಬ ಶಬ್ದವೇ ಸಾಕೆಂದು ನನ್ನ ಮತ. 1974ರಲ್ಲಿ ಇದನ್ನು ಶಾಸ್ತ್ರದ ಪರಿಭಾಷೆಗೆ ತಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಹಗಲಿರುಳು ದುಡಿಯುತ್ತಿದ್ದ ಮನಶ್ಶಾಸ್ತ್ರಜ್ಞ. ಅವನು ವರ್ಣಿಸಿದ ಲಕ್ಷಣಗಳಿಗೆ ಅವನೇ ಮೊದಲ ರೋಗಿಯಾಗಿದ್ದ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 22 ಪ್ರಶ್ನೆಗಳ ಅಳತೆಪಟ್ಟಿಯೊಂದನ್ನು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದ 11ನೆಯ ಆವೃತ್ತಿ ಇದನ್ನು ರೋಗವೆಂದು ಕರೆಯದೆ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಂತ ಒತ್ತಡದಿಂದ ಉಂಟಾಗುವ ವೃತ್ತಿಸಂಬಂಧಿ ವಿದ್ಯಮಾನವೆಂದು ಕರೆಯಿತು. ಈ ವ್ಯಾಖ್ಯೆ ಕಾರಣವನ್ನು ದುಡಿಯುವವನ ಎದೆಯಲ್ಲಿ ಇಡದೆ ಅವನು ದುಡಿಯುವ ಕೋಣೆಯಲ್ಲಿ ಇಟ್ಟಿದೆ ಎಂಬುದನ್ನು ಸಭಿಕರು ಮರೆಯಬಾರದು.

ಪ್ರಶ್ನಾವಳಿಗೆ ಒಂದು ದೌರ್ಬಲ್ಯವುಂಟು. ಬಡ್ತಿಯ ನಿರೀಕ್ಷೆಯಲ್ಲಿರುವವನು ತಾನು ಬಸವಳಿದಿದ್ದೇನೆಂದು ಬರೆಯಲಾರ. ಬಸವಳಿದವನಿಗೆ ಬರೆಯುವ ಚೈತನ್ಯವೇ ಇರುವುದಿಲ್ಲ. ಆದುದರಿಂದ ಮಾತನ್ನು ಬಿಟ್ಟು ದೇಹವನ್ನೇ ಕೇಳೋಣವೆಂಬ ಆಸೆ ಹುಟ್ಟಿದ್ದು ಸಹಜ. ಈ ಆಸೆ ಹೊಸದೂ ಅಲ್ಲ: ನಾಡಿಯ ನಡೆಯಲ್ಲಿ ಹಾವು, ಕಪ್ಪೆ, ಹಂಸಗಳ ಗತಿಯನ್ನು ಗುರುತಿಸಿ ದೋಷನಿರ್ಣಯ ಮಾಡಿದ ನಮ್ಮ ವೈದ್ಯರು ಮೂರು ಬೆರಳುಗಳನ್ನೇ ಸಂವೇದಕವಾಗಿ ಮಾಡಿಕೊಂಡಿದ್ದರು. ಕಳೆದ ಶತಮಾನದ ಮಧ್ಯದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್, ನಡೆದಾಡುವ ಮನುಷ್ಯನ ಹೃದಯವನ್ನು ದಾಖಲಿಸುವುದಕ್ಕಾಗಿ ಮೊದಲು ಕಟ್ಟಿದ ಯಂತ್ರ ಮೂವತ್ತು ಕಿಲೋಗೂ ಮೀರಿದ ಬೆನ್ನುಮೂಟೆಯಾಗಿತ್ತು. ಇಂದು ಆ ಮೂಟೆ ಮಣಿಕಟ್ಟಿನ ಪಟ್ಟಿಯಾಗಿ, ಬೆರಳಿನ ಉಂಗುರವಾಗಿ ಕುಗ್ಗಿದೆ.

ಈ ಭಾಷಣದ ಸಿದ್ಧತೆಗೆಂದು ನಾನೂ ಅಂಥದೊಂದು ಪಟ್ಟಿಯನ್ನು ಕೆಲವು ವಾರ ಕಟ್ಟಿಕೊಂಡೆ. ದೀಪವಾರಿಸಿ ಮಲಗಿದಾಗ ಅದರ ಹೊಟ್ಟೆಯಡಿಯಿಂದ ಹಸುರು ಬೆಳಕು ಚರ್ಮದ ಮೇಲೆ ಮಿಣುಕುತ್ತಿರುತ್ತದೆ. ರಕ್ತ ಉಕ್ಕಿದಾಗ ಆ ಬೆಳಕನ್ನು ಹೆಚ್ಚು ಹೀರುತ್ತದೆ, ಇಳಿದಾಗ ಕಡಿಮೆ ಹೀರುತ್ತದೆ. ಆ ಏರಿಳಿತದಿಂದ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಣ ಅಂತರವನ್ನು ಯಂತ್ರ ಎಣಿಸುತ್ತದೆ. ಗಡಿಯಾರದಷ್ಟು ಸಮನಾಗಿ ಬಡಿಯುವ ಹೃದಯ ಆರೋಗ್ಯವಂತ ಹೃದಯವಲ್ಲ. ಉಸಿರೆಳೆದಾಗ ಸ್ವಲ್ಪ ತ್ವರೆಗೊಂಡು, ಬಿಟ್ಟಾಗ ಸ್ವಲ್ಪ ತಡೆಯುವುದೇ ಅದರ ಸ್ವಭಾವ, ಮತ್ತು ವೇಗಸ್ ನರದ ಆಳ್ವಿಕೆಯಲ್ಲಿರುವ ಈ ಲಾಸ್ಯವು ಒತ್ತಡದಲ್ಲಿ ಸಾಮಾನ್ಯವಾಗಿ ಕುಗ್ಗುತ್ತದೆ. ಇದರೊಡನೆ ಬೆವರಿನಿಂದ ಬದಲಾಗುವ ಚರ್ಮದ ವಿದ್ಯುದ್ವಾಹಕತೆ, ಚರ್ಮದ ಉಷ್ಣತೆ, ನಿದ್ದೆಯಲ್ಲಿ ಹೊರಳಿದ ಲೆಕ್ಕ ಇವೆಲ್ಲ ಸೇರಿ, ಬೆಳಗಾಗುವಷ್ಟರಲ್ಲಿ ಒಂದು ಅಂಕವಾಗಿ ಕೈಗೆ ಬರುತ್ತವೆ.

ಆ ಅಂಕದ ಬೆಲೆಯೇನು? 2018ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ, ಈ ಕ್ಷೇತ್ರದಲ್ಲಿ ಬಹಳವಾಗಿ ಬಳಕೆಯಾಗುತ್ತಿರುವ ವೆಸಾಡ್ ಎಂಬ ದತ್ತಾಂಶಸಂಗ್ರಹವನ್ನು ನೋಡಿರಿ. 15 ಮಂದಿಯ ಎದೆಗೂ ಮಣಿಕಟ್ಟಿಗೂ ಸಂವೇದಕಗಳನ್ನು ಕಟ್ಟಿ, ಪರೀಕ್ಷಕರ ಮುಂದೆ ಭಾಷಣ ಮಾಡಿಸಿ, 2023ರಿಂದ ಹದಿನೇಳು ಹದಿನೇಳನ್ನು ಬಾಯಲ್ಲೇ ಕಳೆಯುತ್ತ ಹೋಗುವಂತೆ ಹೇಳಿ, ಅವರ ಕಳವಳವನ್ನು ದಾಖಲಿಸಿದರು. ಒತ್ತಡವುಂಟೇ ಇಲ್ಲವೇ ಎಂಬುದನ್ನು ಗಣಕ ನೂರಕ್ಕೆ 93ರವರೆಗೂ ಸರಿಯಾಗಿ ಹೇಳಿತು. ಸಾಧನೆ ಶ್ಲಾಘನೀಯವೇ, ಆದರೆ ಪ್ರಯೋಗಶಾಲೆಯ ಕೆಲವು ನಿಮಿಷಗಳ ಕಳವಳವೇ ಬೇರೆ, ಕಛೇರಿಯ ಎರಡು ವರ್ಷಗಳಲ್ಲಿ ಮಾಗುವ ಬಸವಳಿಕೆಯೇ ಬೇರೆ. ಮೊದಲನೆಯದು ಮಳೆ, ಎರಡನೆಯದು ಸವಕಳಿ. ಮಳೆಮಾಪಕವೊಂದನ್ನೇ ನೋಡಿ ಹೊಲದ ಮಣ್ಣೆಷ್ಟು ಕೊಚ್ಚಿಹೋಯಿತೆಂದು ಹೇಳಲಾಗದು. ಮೇಲಾಗಿ ಕಾಫಿ, ಜ್ವರ, ಮೂರು ಮಹಡಿಯ ಮೆಟ್ಟಿಲು, ಎಲ್ಲವೂ ಆ ಅಂಕವನ್ನು ಕದಲಿಸುತ್ತವೆ. ಇಡೀ ರಾತ್ರಿ ಯಕ್ಷಗಾನ ನೋಡಿ ಹಿಗ್ಗಿ ಬಂದ ನನ್ನನ್ನು ಆ ಪಟ್ಟಿ ತೀವ್ರ ಒತ್ತಡದಲ್ಲಿರುವವನೆಂದು ತೀರ್ಮಾನಿಸಿತು.

ಇದಕ್ಕೆ ವಿಪರೀತವಾದ ತಪ್ಪು ಇದಕ್ಕಿಂತ ಗಂಭೀರವಾದುದು. ಒಂದು ಕಛೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ತರುಣಿಯೊಬ್ಬಳು ಮೂರು ವಾರಗಳ ನಕ್ಷೆಗಳನ್ನು ಅಚ್ಚುಹಾಕಿಸಿ ತಂದು ನನ್ನ ಮೇಜಿನ ಮೇಲೆ ಹರಡಿದಳು. ಗೆರೆಗಳೆಲ್ಲ ಶಾಂತವಾಗಿದ್ದವು. “ಡಾಕ್ಟರೇ, ನಾನು ಚೆನ್ನಾಗಿ ನಿದ್ದೆ ಮಾಡ್ತಿದೀನಿ ಅಂತ ಇದು ದಿನಾ ಹೇಳುತ್ತೆ. ಬೆಳಿಗ್ಗೆ ಲಿಫ್ಟಿನ ಗುಂಡಿ ಒತ್ತೋಕೆ ಮಾತ್ರ ನನ್ನ ಕೈ ಏಳೋದಿಲ್ಲ” ಎಂದಳು. ಬಿಟ್ಟುಹೋದ ಸಹೋದ್ಯೋಗಿಯ ಕೆಲಸವೂ ಎಂಟು ತಿಂಗಳಿಂದ ಆಕೆಯ ಮೇಜಿಗೇ ಬಂದಿತ್ತೆಂಬುದು ವಿಚಾರಿಸಿದ ಮೇಲೆ ತಿಳಿಯಿತು. ಆ ಎಂಟು ತಿಂಗಳು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಇತ್ತು.

ಈಗ ನನ್ನ ಹಳೆಯ ಪಾಠಕ್ಕೆ ಬರುತ್ತೇನೆ. ಧರಿಸುವ ಸಾಧನಗಳು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ಧೂಳಿನ ಕಾರ್ಖಾನೆಯಲ್ಲಿ ಕೆಲಸಗಾರನ ಕೊರಳಪಟ್ಟಿಗೆ, ಮೂಗಿನ ಸಮೀಪದಲ್ಲಿ, ಗಾಳಿಯನ್ನು ಹೀರುವ ಪುಟ್ಟ ಸೋಸುಕವನ್ನು ಸಿಕ್ಕಿಸುತ್ತೇವೆ. ಎಕ್ಸ್‌ರೇ ಕೋಣೆಯ ತಂತ್ರಜ್ಞನ ಎದೆಯ ಮೇಲೆ ವಿಕಿರಣವನ್ನು ಅಳೆಯುವ ಟಿ.ಎಲ್.ಡಿ. ಬ್ಯಾಡ್ಜು ಇರುತ್ತದೆ. ಆ ಬ್ಯಾಡ್ಜಿನ ಅಳತೆ ಏರಿತೆಂದರೆ, ‘ಈತನ ಮೈ ದುರ್ಬಲ, ಪ್ರಾಣಾಯಾಮ ಮಾಡಲಿ’ ಎಂದು ಯಾರೂ ಹೇಳುವುದಿಲ್ಲ. ಗೋಡೆಯ ಸೀಸದ ಕವಚವೆಲ್ಲಿ ಬಿರಿದಿದೆ, ಯಂತ್ರವೆಲ್ಲಿ ಸೋರುತ್ತಿದೆ ಎಂದು ಕೋಣೆಯನ್ನು ತಪಾಸಣೆ ಮಾಡುತ್ತಾರೆ. ಬ್ಯಾಡ್ಜು ಮನುಷ್ಯನ ಮೈಮೇಲಿದ್ದರೂ ಸಾಕ್ಷಿ ನುಡಿಯುವುದು ಕೋಣೆಯ ವಿಷಯವಾಗಿ. ಕಛೇರಿಗಳು ಹಂಚುತ್ತಿರುವ ಮಣಿಕಟ್ಟಿನ ಪಟ್ಟಿಯಾದರೋ ಕೋಣೆಯನ್ನು ನಿರಪರಾಧಿಯೆಂದು ಬಿಟ್ಟು, ಮನುಷ್ಯನನ್ನೇ ಕಟಕಟೆಗೆ ತರುವ ಅಪಾಯವಿದೆ. ನಾನು ಯಂತ್ರದ ವಿರೋಧಿಯಲ್ಲ. ಅದರ ಸಾಕ್ಷ್ಯ ಯಾರ ಕಡೆಗೆ ತಿರುಗಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಲೋಕದ ಶಾಸನಗಳು ಈ ಪ್ರಶ್ನೆಯನ್ನು ಗಮನಿಸಿಲ್ಲವೆಂದಲ್ಲ. ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪ್ರತ್ಯೇಕ ಶಬ್ದವನ್ನೇ ಪಡೆದ ಜಪಾನ್ ದೇಶವು, 50 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸ್ಥಳಗಳಲ್ಲಿ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಯನ್ನು 2015ರ ಡಿಸೆಂಬರಿನಿಂದ ಕಡ್ಡಾಯ ಮಾಡಿತು. ಆದರೆ ಫಲಿತಾಂಶ ನೇರವಾಗಿ ಕೆಲಸಗಾರನ ಕೈಸೇರತಕ್ಕದ್ದೆಂದೂ, ಅವನ ಒಪ್ಪಿಗೆಯಿಲ್ಲದೆ ಧಣಿಗೆ ಕೊಡಕೂಡದೆಂದೂ ವಿಧಿಸಿತು. ಯೂರೋಪಿನ ಒಕ್ಕೂಟದ ಕೃತಕ ಬುದ್ಧಿಮತ್ತೆಯ ಕಾಯಿದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, ಕೆಲಸದ ಸ್ಥಳದಲ್ಲಿ ನೌಕರರ ಭಾವಗಳನ್ನು ಯಂತ್ರದಿಂದ ಊಹಿಸುವುದನ್ನು 2025ರ ಫೆಬ್ರವರಿಯಿಂದ ನಿಷೇಧಿಸಿದೆ. ನಮ್ಮಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಎದೆಬಡಿತಕ್ಕಿಂತ ಖಾಸಗಿಯಾದದ್ದು ಮತ್ತಾವುದಿದ್ದೀತು? ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವವನು ಸಂಬಳದ ಕಾಗದಕ್ಕೂ ಅದೇ ಮೇಜಿನ ಮುಂದೆ ರುಜು ಹಾಕುವಾಗ, ಆ ಒಪ್ಪಿಗೆಯನ್ನು ಸ್ವತಂತ್ರವೆನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ.

ಆದಕಾರಣ ಈ ಸಮ್ಮೇಳನದ ವಿಚಾರಕ್ಕೆ ಮೂರು ಮಾತುಗಳನ್ನು ಇಡುತ್ತೇನೆ. ಒಬ್ಬೊಬ್ಬನ ಅಳತೆ ಅವನಿಗೂ ಅವನು ಆರಿಸಿಕೊಂಡ ವೈದ್ಯನಿಗೂ ಮಾತ್ರ ಸೇರತಕ್ಕದ್ದು. ಆಡಳಿತಕ್ಕೆ ಕೊಡುವುದಾದರೆ, ಹೆಸರಳಿಸಿ, ಯಾರನ್ನೂ ಗುರುತಿಸಲಾಗದಷ್ಟು ದೊಡ್ಡ ವಿಭಾಗದ ಒಟ್ಟು ಅಳತೆಯನ್ನು ಮಾತ್ರ ಕೊಡತಕ್ಕದ್ದು. ಆ ಒಟ್ಟು ಅಳತೆ ಕೆಟ್ಟಿತೆಂದರೆ ತಪಾಸಣೆ ನಡೆಯಬೇಕಾದದ್ದು ಕೆಲಸದ ಹಂಚಿಕೆ, ತೆರವಾದ ಹುದ್ದೆ, ರಾತ್ರಿ ಹತ್ತರ ಮೇಲೆ ಬರುವ ಸಂದೇಶ ಇವುಗಳದು.

ಕಾಯಕವನ್ನು ಇಷ್ಟು ಎತ್ತರಕ್ಕೇರಿಸಿದ ನಾಡಿನಲ್ಲಿ ಹೀಗೆ ಹೇಳುವುದು ಸೋಮಾರಿತನದ ಪಕ್ಷಪಾತವೆಂದು ಯಾರಾದರೂ ಆಕ್ಷೇಪಿಸಿಯಾರು. ಅಂಥವರು ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸ್ಮರಿಸಲಿ. ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಕೆ ಹೊಗಳಲಿಲ್ಲ. ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿದಳು. ಕಾಯಕಕ್ಕೆ ಒಂದು ಮೇರೆಯುಂಟೆಂಬುದನ್ನು ಅರಿಯಲು ಆಕೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. ಮೊರದಲ್ಲಿದ್ದ ಅಕ್ಕಿಯನ್ನು ನೋಡಿದ್ದೇ ಸಾಕಾಯಿತು. ನಮ್ಮ ಸಂವೇದಕಗಳು ಎಷ್ಟೇ ಸೂಕ್ಷ್ಮವಾಗಲಿ, ಮೊದಲು ಮೊರವನ್ನು ನೋಡುವ ಆ ವಿವೇಕ ನಮ್ಮನ್ನು ಬಿಡದಿರಲಿ ಎಂದು ಹಾರೈಸುತ್ತೇನೆ.